ಹನ್ನೆರಡನೇ ನಂಬರ್ ಬಸ್ಸಿನ ಪದಗಳು

ಮಾರ್ಚ್ 3, ಸೋಮವಾರ

ಸಿಕ್ಕಿತು! ಎರಡು ವರ್ಷದಿಂದ ಯಾವ ಕೇಸಿಗಾಗಿ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೆವೋ ಅದು ಇವತ್ತು ತಾನಾಗಿಯೇ ಮೆಟ್ಟಿಲು ಹತ್ತಿಕೊಂಡು ಬಂತು. ಖಾಕಿ ಅಂಗಿ, ಹೆಗಲಿಗೆ ಚರ್ಮದ ಚೀಲ, ಕೊರಳಲ್ಲಿ ಸೀಟಿ.

“ಹಕ್ಕಿನ ಸಮಿತಿ ಅಂದ್ರೆ ಇದೇನಾ? ಕೆಳಗೆ ಜೆರಾಕ್ಸ್ ಅಂಗಡಿಯವ್ನು, ‘ಮೇಲೆ ಹೋಗಿ, ಯಾರು ಜಗಳ ಆಡ್ತಾ ಇರ್ತಾರೋ ಅವ್ರೇ’ ಅಂದ.”

ಜಗಳ ನಡೆಯುತ್ತಿದ್ದುದು ನಿಜ. ಕಾರ್ಯದರ್ಶಿಯಾದ ನಾನೂ ನಮ್ಮ ಅಧ್ಯಕ್ಷರಾದ ಭೂಗೋಳದ ಮೇಷ್ಟ್ರೂ ಫ್ಯಾನು ಹಾಕಬೇಕೋ ಕಿಟಕಿ ತೆಗೆಯಬೇಕೋ ಎಂದು ಕಚ್ಚಾಡುತ್ತಿದ್ದೆವು. ಈ ಸರ್ಕಾರ ಬಂದಮೇಲೆ ಏಳು ಕೇಸು ಹಾಕಿದ್ದೇವೆ, ಏಳನ್ನೂ ಸೋತಿದ್ದೇವೆ. ಸೋತವರು ಫ್ಯಾನಿಗೂ ಜಗಳವಾಡುತ್ತಾರೆ.

ಈಕೆ ಹನ್ನೆರಡನೇ ನಂಬರ್ ಬಸ್ಸಿನ ಕಂಡಕ್ಟರು. ಹತ್ತೊಂಬತ್ತು ವರ್ಷದ ಸರ್ವೀಸು. ಸ್ಟಾಪು ಬಂದಾಗ ಅದರ ಹೆಸರನ್ನು ಪದ ಕಟ್ಟಿ ಕೂಗುವುದು ಈಕೆಯ ರೂಢಿ. ಹೋದ ತಿಂಗಳು ಬಸ್ಸಿನಲ್ಲಿ ಆಡಳಿತ ಪಕ್ಷದ ಯಾವನೋ ಮರಿಪುಢಾರಿ ಕೂತಿದ್ದ. ಮಂತ್ರಿ ಬಂಗಲೆ ಸ್ಟಾಪಿನ ಪದ ಅವನ ಕಿವಿಗೆ ಬಿತ್ತು. ಡಿಪೋದವರು ಅಮಾನತು ಮಾಡಿದರು. ಪೊಲೀಸರು ಸಾರ್ವಜನಿಕ ಸಭ್ಯತಾ ಕಾಯಿದೆಯ ಒಂಬತ್ತನೇ ಕಲಮಿನಡಿ ಕೇಸು ಜಡಿದರು. ಶಿಕ್ಷೆಯಾದರೆ ಮೂರು ವರ್ಷ ಜೈಲು, ಕೆಲಸ ಗೋತಾ.

ಒಂಬತ್ತನೇ ಕಲಮು! ‘ಗಣ್ಯರ ಗೌರವಕ್ಕೆ ಕುಂದು ತರಬಹುದಾದ ಅಥವಾ ಕೇಳುಗರ ಮನಸ್ಸಿಗೆ ನೋವಾಗಬಹುದಾದ’ ಮಾತು, ಹಾಡು, ಪದ್ಯ. ನೋವಾದ ಮಾತು ಎಂದೂ ಹೇಳಿಲ್ಲ ಕಳ್ಳರು. ಆಗಬಹುದಾದ! ಈ ಒಂದು ಹಗ್ಗದಲ್ಲಿ ನಲವತ್ತೊಂದು ಜನರನ್ನು ಕಟ್ಟಿ ಒಳಗೆ ಹಾಕಿದ್ದಾರೆ. ಅಂಗಡಿಯಲ್ಲಿ ಪೇಪರು ಗಟ್ಟಿಯಾಗಿ ಓದಿದ ಕ್ಷೌರಿಕನೂ ಅವರಲ್ಲೊಬ್ಬ. ಕಲಮನ್ನೇ ಕಿತ್ತೊಗೆಸಲು ನಮಗೊಂದು ಗಟ್ಟಿ ಕೇಸು ಬೇಕಿತ್ತು. ಸರ್ಕಾರಿ ನೌಕರಿ, ಇಷ್ಟು ವರ್ಷ ಒಂದು ಕಪ್ಪುಚುಕ್ಕೆಯಿಲ್ಲ, ಸಾವಿರಾರು ಜನ ದಿನಾ ಕೇಳಿ ನಕ್ಕಿದ್ದಾರೆ. ಇದಕ್ಕಿಂತ ಗಟ್ಟಿ ಇನ್ನೆಲ್ಲಿ?

“ಆ ಪದ ಏನು, ಹೇಳಿ ತಾಯಿ” ಎಂದೆ.

ಆಚೀಚೆ ನೋಡಿದಳು. “ಇಲ್ಲಿ ಹೇಳ್ಬಹುದಾ ಅಣ್ಣಾ?”

“ಇಲ್ಲಿ ಹೇಳದೆ ಇನ್ನೆಲ್ಲಿ ಹೇಳ್ತೀರಿ? ನಿಮ್ಮ ಬಾಯಿಗೆ ಈ ರೂಮಲ್ಲಿ ಬೀಗ ಇಲ್ಲ.”

ಎದ್ದು ನಿಂತಳು. ಮೇಲೆ ಕಂಬಿಯೇ ಇಲ್ಲದ ಗಾಳಿಯಲ್ಲಿ ಒಂದು ಕೈ ಎತ್ತಿ ಹಿಡಿದಳು, ಸೊಂಟ ಒಂದು ಕಡೆಗೆ ವಾಲಿಸಿದಳು, ಕೂಗಿದಳು:

*ಮಂತ್ರಿ ಮನೆ ಸ್ಟಾಪಿದು, ಗೇಟು ನೋಡಿ ಎಷ್ಟೆತ್ರ,*
*ಓಟು ಕೇಳೋಕ್ ಬಂದಾಗ ಬಗ್ಗಿದ್ನಲ್ಲ ನಮ್ಮ ಹತ್ರ!*
*ಸಭ್ಯತೆ ಪಾಠ ಹೇಳ್ತಾನೆ ನಿಂತು ನಮ್ಮ ಬೀದೀಲಿ,*
*ಸುಳ್ಳು ಮಾತ್ರ ಬೆತ್ಲೆ ಕುಣಿಯುತ್ತೆ ಅವ್ನ ಬಾಯೀಲಿ!*

ಕೆಳಗಿನ ಜೆರಾಕ್ಸ್ ಮೆಷಿನ್ನು ನಿಂತೇಹೋಯಿತು. ಮೇಷ್ಟ್ರು ನಕ್ಕ ರಭಸಕ್ಕೆ ಅವರ ಹಲ್ಲಿನ ಸೆಟ್ಟು ಕೈಗೆ ಬಂತು. ನನ್ನ ಮೈಯೆಲ್ಲ ಜುಮ್ಮೆಂದಿತು. ಇದು, ಇದು ಬೇಕಿತ್ತು!

ಮಾರ್ಚ್ 4, ಮಂಗಳವಾರ

ಕಂಡಕ್ಟರಮ್ಮನ ಹೇಳಿಕೆ ಬರೆದುಕೊಂಡೆ. ನಮ್ಮಲ್ಲೊಂದು ಪದ್ಧತಿಯಿದೆ: ಯಾರ ಹೇಳಿಕೆಯಾದರೂ ಅವರು ಆಡಿದ ಮಾತಿನಲ್ಲೇ ಬರೆಯಬೇಕು, ನಂತರ ಅವರಿಗೇ ಓದಿ ಹೇಳಬೇಕು, ಆಮೇಲೆ ರುಜು. ಪೊಲೀಸರು ತಮಗೆ ಬೇಕಾದ್ದನ್ನು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸುವುದನ್ನು ನೋಡಿ ನೋಡಿ ರೋಸಿಹೋಗಿ ನಾನೇ ಮಾಡಿದ ನಿಯಮ. ಹನ್ನೊಂದು ಸ್ಟಾಪು, ಹನ್ನೊಂದು ಪದ. ಆಸ್ಪತ್ರೆಯದ್ದು ಕೇಳಿ ನನಗೆ ಬಿಕ್ಕಳಿಕೆ ಹತ್ತಿತು:

*ಬಂತು ಬಂತು ಆಸ್ಪತ್ರೆ, ಇಳಿಯೋರೆಲ್ಲ ಇಳೀರಿ,*
*ಮಂಚ ಒಂದು, ರೋಗಿ ಮೂರು, ಹಂಚ್ಕೊಂಡು ನರಳೀರಿ!*

ಇನ್ನೂ ಮಜವಾದ ಸಂಗತಿ. ಪೊಲೀಸರ ದೋಷಾರೋಪ ಪಟ್ಟಿಯಲ್ಲಿ ಒಂದು ಸಾಲು ಪದ್ಯವೂ ಇಲ್ಲ! ‘ಉಲ್ಲೇಖಿಸಲಾಗದ ಪದ್ಯ’ ಎಂದಷ್ಟೇ ಬರೆದಿದ್ದಾರೆ. ಯಾಕೆಂದರೆ ಸಭ್ಯವಲ್ಲದ ಮಾತನ್ನು ಯಾವ ಸರ್ಕಾರಿ ದಾಖಲೆಯಲ್ಲೂ ಪುನಃ ಬರೆಯಕೂಡದು ಎಂದು ಅವರದೇ ಕಾಯಿದೆ ಹೇಳುತ್ತದೆ. ತಮ್ಮ ಬಲೆಗೆ ತಾವೇ ಬಿದ್ದಿದ್ದಾರೆ. ಮೊಬೈಲಲ್ಲಿ ಹಿಡಿದಿಟ್ಟುಕೊಂಡಿದ್ದ ಪ್ರಯಾಣಿಕರು ಹೆದರಿ ಅಳಿಸಿಹಾಕಿದ್ದಾರಂತೆ. ಅಂದರೆ ಕೋರ್ಟಿನ ಮುಂದೆ ಪದ್ಯ ಬರುವುದು ನಮ್ಮ ಅರ್ಜಿಯ ಜೊತೆಗೆ, ನಮ್ಮ ಕಾಗದದಲ್ಲಿ ಮಾತ್ರ.

ಅಕ್ಕನಿಗೆ ಹೇಳಿದೆ. ಅವಳು ಆಸ್ಪತ್ರೆಯ ರಕ್ತ ಪರೀಕ್ಷೆ ವಿಭಾಗದವಳು. “ಮಂಚಕ್ಕೆ ಮೂರಲ್ಲ ಕಣೋ, ನಾಲ್ಕು. ತಿದ್ದಿಕೊಳ್ಳೋಕೆ ಹೇಳು” ಎಂದಳು.

ಮಾರ್ಚ್ 11, ಮಂಗಳವಾರ

ಇಂದು ನಮ್ಮ ವಕೀಲಮ್ಮ ಫೋನು ಮಾಡಿದ್ದರು. ಬೇರೆ ಊರಿನ ಕೋರ್ಟುಗಳಲ್ಲಿ ಓಡಾಡುತ್ತಿದ್ದಾರೆ, ಕಂಡಕ್ಟರಮ್ಮನನ್ನು ಇನ್ನೂ ನೋಡಿಲ್ಲ. ಮಾತಿನ ಮಧ್ಯೆ ಹೇಳಿದರು: “ನೋಡಿ, ಜಡ್ಜು ತುಂಬ ಶಿಸ್ತಿನ ಮನುಷ್ಯ. ನಗೋದೇ ಇಲ್ಲ. ಪೇಪರೆಲ್ಲ ನೀಟಾಗಿರ್ಲಿ.”

ಅರ್ಥವಾಯಿತು. ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕರಡು ತಿದ್ದಿದವನಿಗೆ ನೀಟು ಅಂದರೇನೆಂದು ಹೇಳಿಕೊಡಬೇಕೆ? ಪದಗಳನ್ನು ಚೊಕ್ಕ ಪ್ರತಿ ಮಾಡಲು ಕೂತೆ. ‘ಹೇಳ್ತಾನೆ’ ಎಂಬಲ್ಲಿ ಕೈ ನಿಂತಿತು. ಮಂತ್ರಿಗೆ ಏಕವಚನ. ಬಸ್ಸಿನಲ್ಲಿ ಸರಿ, ಕೋರ್ಟಿನಲ್ಲಿ? ‘ಹೇಳುವರು’ ಎಂದರೆ ಏನು ನಷ್ಟ? ಅರ್ಥ ಅದೇ. ಹಾಗೇ ‘ಬೀದೀಲಿ’ಯನ್ನು ‘ಬೀದಿಯಲಿ’ ಮಾಡಿದೆ. ಭಾಷೆಯಷ್ಟೇ, ಜೀವ ಮುಟ್ಟಿಲ್ಲ.

ಕೊನೆಯ ಸಾಲಿನಲ್ಲಿ ಆ ‘ಬೆತ್ತಲೆ’. ಹತ್ತು ಸಲ ಓದಿದೆ. ಜಡ್ಜು ಈ ಪದಕ್ಕೇ ಸಿಕ್ಕಿಹಾಕಿಕೊಂಡರೆ? ನಲವತ್ತೊಂದು ಜನರ ಬಿಡುಗಡೆ ಒಂದು ಬೆತ್ತಲೆಗಾಗಿ ನಿಂತುಹೋಗಬೇಕೆ? ಯುದ್ಧದಲ್ಲಿ ಎಲ್ಲಿ ಬಗ್ಗಬೇಕು ಎಂಬುದು ಗೊತ್ತಿರಬೇಕು. ಕೊನೆಗೆ ಹೀಗೆ ಕೂಡಿಸಿದೆ:

*ಸಭ್ಯತೆಯ ಪಾಠವನು ಹೇಳುವರು ಬೀದಿಯಲಿ,*
*ಸತ್ಯ ಮಾತ್ರ ಕೊಂಚ ವಿರಳ ಮಾನ್ಯರ ಬಾಯಲಿ.*

ಪ್ರಾಸ ಕೂಡ ಕೆಟ್ಟಿಲ್ಲ. ಖುಷಿಯಾಯಿತು. ಆಸ್ಪತ್ರೆಯದ್ದನ್ನೂ ಒಂಚೂರು ಒರೆಸಿದೆ: ‘ನರಳೀರಿ’ ಹೋಗಿ ‘ಹೊಂದಿಕೊಂಡು ಮಲಗಿರಿ’ ಬಂತು. ಬರೆದಂತೆ ಬರೆದಂತೆ ಕೈಗೆ ಹುರುಪು ಏರಿತು. ಹನ್ನೊಂದೂ ಮುಗಿದವು.

ಮಾರ್ಚ್ 20, ಗುರುವಾರ

ಅರ್ಜಿ ದಾಖಲಾಯಿತು!

ಬೆಳಿಗ್ಗೆಯಿಂದ ಕಾಲು ನಿಂತಲ್ಲಿ ನಿಂತಿಲ್ಲ. ಕೌಂಟರು ಮುಚ್ಚುವುದು ನಾಲ್ಕು ಗಂಟೆಗೆ. ಕಂಡಕ್ಟರಮ್ಮ ಡಿಪೋದ ವಿಚಾರಣೆ ಮುಗಿಸಿ ಬಂದದ್ದು ಮೂರೂ ನಲವತ್ತಕ್ಕೆ. ನೂರಾ ಆರು ಪುಟ. ಇಲ್ಲಿ ರುಜು, ಇಲ್ಲಿ ರುಜು ಎಂದು ಬೆರಳು ತೋರಿಸುತ್ತ ಹೋದೆ, ಹಾಕುತ್ತ ಬಂದಳು.

“ಓದಿ ಹೇಳೋದು ಇರುತ್ತೆ ಅಂದಿದ್ರಲ್ಲ ಅಣ್ಣಾ?”

“ಟೈಮಿಲ್ಲ ತಾಯಿ. ನಾನು ಓದಿದೀನಿ.”

“ನೀವು ಓದಿದ್ರೆ ನಾನು ಓದ್ದಂಗೆ ಬಿಡಿ.”

ಎಂಥ ನಂಬಿಕೆ! ಜನ ನಮ್ಮನ್ನು ಹೀಗೆ ನಂಬುತ್ತಾರೆ ಎಂಬುದೇ ನಮ್ಮ ಆಸ್ತಿ. ಮೂರೂ ಐವತ್ತೆಂಟಕ್ಕೆ ಗುಮಾಸ್ತ ಸೀಲು ಒತ್ತಿದ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಏಪ್ರಿಲ್ 2, ಬುಧವಾರ

ಅರ್ಜಿ ವಿಚಾರಣೆಗೆ ಅಂಗೀಕಾರ! ಸರ್ಕಾರಕ್ಕೆ ನೋಟೀಸು! ಏಳು ಕೇಸಿನಲ್ಲಿ ಒಂದಕ್ಕೂ ಈ ಭಾಗ್ಯ ಸಿಕ್ಕಿರಲಿಲ್ಲ. ಮೇಷ್ಟ್ರು ಕೋರ್ಟಿನ ಹೊರಗೆ ನನ್ನನ್ನು ತಬ್ಬಿಕೊಂಡರು, ಕನ್ನಡಕ ಬಾಗಿತು.

ಪತ್ರಿಕೆಯವರು ಕಂಡಕ್ಟರಮ್ಮನನ್ನು ಮುತ್ತಿಕೊಂಡರು. ಒಬ್ಬಳು ಕೇಳಿದಳು, ಮಂತ್ರಿಗಳ ಬಗ್ಗೆ ಏನು ಹೇಳ್ತೀರಿ ಎಂದು. ಈಕೆ ಬಾಯಿ ತೆರೆದಳು. ನಾನು ಮಧ್ಯೆ ನುಗ್ಗಿದೆ: “ಅವರು ಏನೂ ಹೇಳೋದಿಲ್ಲ. ವಿಷಯ ಕೋರ್ಟಿನಲ್ಲಿದೆ.”

ರಿಕ್ಷಾದಲ್ಲಿ ಅವಳು ಮುಖ ಊದಿಸಿಕೊಂಡಿದ್ದಳು. “ಒಂದೇ ಒಂದು ಮಾತು ಹೇಳ್ತಿದ್ದೆ.”

“ನಿನ್ನ ಒಂದು ಮಾತು ನಂಗೆ ಗೊತ್ತು. ತೀರ್ಪು ಬರೋವರೆಗೂ ತುಟಿ ಹೊಲಿದುಕೋ.”

“ಹೊಲಿಯೋಕೆ ಸರ್ಕಾರ ಇದೆ, ನೀವೂ ದಾರ ಹಿಡ್ಕೊಂಡು ಬಂದ್ರಾ?”

ನಕ್ಕುಬಿಟ್ಟೆ. ಇವಳ ಬಾಯಿಗೆ ಎಣೆಯಿಲ್ಲ. ರಾತ್ರಿಯೂಟಕ್ಕೆ ಮುಂಚೆ ಕೂತು ಅವಳಿಗಾಗಿ ಒಂದು ಪಟ್ಟಿ ಬರೆದೆ. ಕೋರ್ಟಿನಲ್ಲೂ ಹೊರಗೂ ಬಳಸಬಾರದ ಮಾತುಗಳು: ಬೆತ್ತಲೆ, ಕಳ್ಳ, ಗೂಬೆ, ಲೂಟಿ, ಹೊಟ್ಟೆ, ಬಾಲ. ಇಪ್ಪತ್ತಾರಕ್ಕೆ ನಿಲ್ಲಿಸಿದೆ.

ಏಪ್ರಿಲ್ 10, ಗುರುವಾರ

ಮೇಷ್ಟ್ರ ಜೊತೆ ಜಟಾಪಟಿ. ಸಮಿತಿಯ ಪತ್ರಿಕೆಗೆ ಅವರೊಂದು ಲೇಖನ ಕೊಟ್ಟಿದ್ದರು: ‘ಈ ಸರ್ಕಾರದ ನಕಾಶೆಯಲ್ಲಿ ಮನುಷ್ಯರಿಲ್ಲ’. ಬೆಂಕಿಯಂಥ ಲೇಖನ. ನಾನೇ ತಡೆಹಿಡಿದೆ.

“ಯಾಕಯ್ಯಾ?”

“ಈಗ ಸಮಯ ಸರಿಯಿಲ್ಲ ಮೇಷ್ಟ್ರೇ. ಜಡ್ಜು ಓದಿದ್ರೆ?”

“ಓದ್ಲಿ ಅಂತಾನೇ ಬರೆದಿದ್ದು!”

“ತೀರ್ಪು ಬರ್ಲಿ, ಆಮೇಲೆ ಬೇಕಾದ್ರೆ ಬೆಂಕಿ ಹಚ್ಚಿ.”

“ನಲವತ್ತು ವರ್ಷ ಪಾಠ ಮಾಡಿದೀನಿ. ಸುಮ್ನೆ ಕೂತ್ಕೋ ಅಂತ ನಾನು ಹೇಳ್ತಿದ್ದೆ, ನಂಗೆ ಯಾರೂ ಹೇಳ್ತಿರ್ಲಿಲ್ಲ” ಎಂದು ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು. ಹೊರಗೆ ಬಿಸಿಲಿತ್ತು, ಮೋಡದ ಸುಳಿವೂ ಇರಲಿಲ್ಲ. ಸಿಟ್ಟಿಗೆ ಛತ್ರಿ ಬೇಕಾಗುತ್ತದೆ ಅಂತ ಕಾಣುತ್ತದೆ.

ಮುದುಕರು. ನಾಳೆ ಸರಿಹೋಗುತ್ತಾರೆ. ಅವರ ಲೇಖನದ ಜಾಗಕ್ಕೆ ಕೋರ್ಟಿನ ದಿನಾಂಕಗಳ ಪಟ್ಟಿ ಹಾಕಿದೆ.

ಏಪ್ರಿಲ್ 24, ಗುರುವಾರ

ತಾಲೀಮು. ವಕೀಲಮ್ಮನ ಕುರ್ಚಿಯಲ್ಲಿ ನಾನು ಜಡ್ಜಾಗಿ ಕೂತೆ. ಕಂಡಕ್ಟರಮ್ಮ ಎದುರಿಗೆ. ಮೆಲ್ಲಗೆ ಮಾತಾಡು ಎಂದೆ. ಇಪ್ಪತ್ತು ಸಲ ಹೇಳಿದೆ. ಹತ್ತೊಂಬತ್ತು ವರ್ಷ ಇಂಜಿನ್ನಿನ ಮೇಲೆ ಕೂಗಿದ ಗಂಟಲು, ಮೆಲ್ಲಗೆ ಅಂದರೆ ಅದಕ್ಕೆ ಗೊತ್ತೇ ಇಲ್ಲ.

“ನಾನು ಬಸ್ ಕಂಡಕ್ಟ್ರು ಅಣ್ಣಾ. ಹಿಂದಿನ ಸೀಟಿಗೆ ಕೇಳದೆ ಹೋದ್ರೆ ಜನ ಸ್ಟಾಪು ತಪ್ಪಿಸ್ಕೊಳ್ತಾರೆ.”

“ಕೋರ್ಟಿನಲ್ಲಿ ಹಿಂದಿನ ಸೀಟಿಲ್ಲ.”

“ಇದೆಯಲ್ಲ. ಆ ನಲವತ್ತೊಂದು ಜನ ಎಲ್ಲಿ ಕೂತಿರೋದು ಮತ್ತೆ?”

ಒಳ್ಳೆಯ ಮಾತು. ವಾದದಲ್ಲಿ ಸೇರಿಸಬಹುದೆಂದು ಬರೆದುಕೊಂಡೆ. ಆದರೆ ಅವಳು ಹೇಳುವುದು ಬೇಡ, ವಕೀಲಮ್ಮ ಹೇಳಿದರೆ ತೂಕ.

ಮನೆಯಲ್ಲಿ ಅಕ್ಕ ಟೀವಿ ನೋಡುತ್ತ ಮಂತ್ರಿಗೆ ಏನೋ ಅಂದಳು. “ಮೆಲ್ಲಗೆ ಅಕ್ಕಾ, ಕಿಟಕಿ ತೆಗೆದಿದೆ” ಎಂದೆ. ರಿಮೋಟು ಕೆಳಗಿಟ್ಟು ನನ್ನ ಮುಖ ನೋಡಿದಳು. “ಏನೋ ಇದು, ನಮ್ಮನೆಗೂ ಒಂಬತ್ತನೇ ಕಲಮು ಬಂತಾ?”

ಅವಳದು ಯಾವಾಗಲೂ ತಮಾಷೆ. ಇನ್ನು ಹನ್ನೆರಡು ದಿನ! ನಿದ್ದೆ ಬರುತ್ತಿಲ್ಲ, ಹಸಿವಿಲ್ಲ, ಇಪ್ಪತ್ತು ವರ್ಷ ಚಿಕ್ಕವನಾಗಿದ್ದೇನೆ.

ಮೇ 6, ಮಂಗಳವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೋರ್ಟು ಕಿಕ್ಕಿರಿದಿತ್ತು. ಒಳಗಿರುವವರ ಮನೆಯವರೆಲ್ಲ ಬಂದಿದ್ದರು. ಕ್ಷೌರಿಕನ ಹೆಂಡತಿ ಮೊದಲ ಬೆಂಚಿನಲ್ಲಿ. ನಮ್ಮ ವಕೀಲಮ್ಮ ಏಳುವ ಮೊದಲೇ ಸರ್ಕಾರಿ ವಕೀಲ ಎದ್ದ. ಎತ್ತರದ ಆಳು, ಎಣ್ಣೆ ಹಾಕಿದಂಥ ದನಿ.

“ಮಹಾಸ್ವಾಮಿ, ಅರ್ಜಿದಾರರೇ ಹಾಜರುಪಡಿಸಿರೋ ಪದ್ಯಗಳನ್ನ ಸರ್ಕಾರ ಪರಿಶೀಲಿಸಿದೆ. ‘ಸತ್ಯ ಮಾತ್ರ ಕೊಂಚ ವಿರಳ ಮಾನ್ಯರ ಬಾಯಲಿ.’ ಇದು ಸಭ್ಯವಾದ, ಸೌಮ್ಯವಾದ ಪದ್ಯ. ಇದಕ್ಕೆ ಒಂಬತ್ತನೇ ಕಲಮು ಅನ್ವಯಿಸೋದೇ ಇಲ್ಲ. ಕೆಳಗಿನವರು ಆತುರಪಟ್ಟಿದ್ದಾರೆ. ಕೇಸು ವಾಪಸ್ ತಗೋತೀವಿ, ಈಯಮ್ಮ ನಾಳೆಯಿಂದ ಕೆಲಸಕ್ಕೆ ಬರಬಹುದು. ಕಲಮಿನ ಚರ್ಚೆಯ ಅಗತ್ಯವೇ ಇಲ್ಲ, ಅರ್ಜಿ ಮುಗಿಸಬೇಕು ಅಂತ ಪ್ರಾರ್ಥನೆ.”

ನಾನು ಎದ್ದು ನಿಂತುಬಿಟ್ಟೆ, ಗೆದ್ದೆವು ಎಂದುಕೊಂಡು! ವಕೀಲಮ್ಮ ನನ್ನ ತೋಳು ಹಿಡಿದು ಎಳೆದರು. ಅವರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. “ಕೂತ್ಕೊಳ್ಳಿ ರೀ! ಇವಳ ಕೇಸು ಹೋದ್ರೆ ನಮ್ಮ ಅರ್ಜೀನೂ ಹೋಯ್ತು. ಕಲಮು ಹಾಗೇ ಉಳೀತು. ಅಷ್ಟು ಜನ ಹಾಗೇ ಒಳಗೆ. ಇಷ್ಟು ಸಪ್ಪೆ ಪದ್ಯಕ್ಕೆ ಯಾಕಪ್ಪಾ ಕೇಸು ಹಾಕಿದ್ರು ಅಂತ ನಂಗೆ ಮೊದಲಿಂದಾನೂ ಅನುಮಾನ.”

ಸಪ್ಪೆ ಪದ್ಯ. ಅದು ಸಪ್ಪೆಯಾದದ್ದು ಯಾರ ಕೈಯಿಂದ ಎಂದು ನನಗೊಬ್ಬನಿಗೇ ಗೊತ್ತಿತ್ತು.

ಜಡ್ಜು ಕನ್ನಡಕದ ಮೇಲಿಂದ ನೋಡಿದರು. “ಅರ್ಜಿದಾರರು ಬಂದಿದ್ದಾರಾ?”

ಕಂಡಕ್ಟರಮ್ಮ ಎದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಮೂರು ತಿಂಗಳಿಂದ ಮನೆಯಲ್ಲಿ ಕೂತಿದ್ದಾಳೆ. ಹೌದು ಅಂದರೆ ನಾಳೆ ಬೆಳಿಗ್ಗೆ ಚೀಲ ಹೆಗಲಿಗೆ.

“ಇವು ನಿಮ್ಮ ಪದ್ಯಗಳೇನಮ್ಮ?”

“ಇನ್ನೊಂದು ಸಲ ಓದ್ಸಿ ಸ್ವಾಮಿ.”

ಗುಮಾಸ್ತ ಓದಿದ. ಅವಳು ತಲೆ ಬಾಗಿಸಿ ಪೂರ್ತಿ ಕೇಳಿದಳು. ಮೊದಲ ಬೆಂಚಿನ ಕಡೆ ತಿರುಗಿ ಕ್ಷೌರಿಕನ ಹೆಂಡತಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಇದು ನಂದಲ್ಲ ಸ್ವಾಮಿ.”

ಜಡ್ಜು ಪುಟ ತಿರುವಿದರು.

“ಇದರ ಕೆಳಗೆ ನಿಮ್ಮ ರುಜು ಇದೆ.”

“ರುಜು ನಂದು. ಪದ ನಂದಲ್ಲ. ನಮ್ಮ ಬಸ್ಸಲ್ಲಿ ಯಾರೂ ಮಾನ್ಯರು ಅನ್ನಲ್ಲ ಸ್ವಾಮಿ, ಅಂದ್ರೆ ಜನ ಟಿಕೆಟ್ಟೇ ತಗೊಳಲ್ಲ.”

“ಹಾಗಾದರೆ ನಿಮ್ಮದು ಯಾವುದು?”

ವಕೀಲಮ್ಮ ಬೇಡ ಎಂದು ಕೈಮಾಡುವಷ್ಟರಲ್ಲಿ ಅವಳು ಕೈ ಎತ್ತಿ ಗಾಳಿಯಲ್ಲಿ ಕಂಬಿ ಹಿಡಿದಾಗಿತ್ತು. ನಾಲ್ಕು ಸಾಲು. ಬೆತ್ತಲೆ ಸಮೇತ. ಹಿಂದಿನ ಸೀಟಿಗೆ ಕೇಳುವಂತೆ. ಬೆಂಚುಗಳ ಮೇಲೆ ಕೂತವರು ಬಿದ್ದು ಬಿದ್ದು ನಕ್ಕರು. ಬಾಗಿಲ ಪೇದೆ ಟೋಪಿಯಿಂದ ಮುಖ ಮುಚ್ಚಿಕೊಂಡ. ಜಡ್ಜು ನಗಲಿಲ್ಲ.

ಸರ್ಕಾರಿ ವಕೀಲನ ಮುಖ ಇಂಗು ತಿಂದ ಮಂಗನಂತಾಗಿತ್ತು. ಈಗ ಕೇಸು ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಕಲಮು ಮತ್ತೆ ಕಟಕಟೆಗೆ ಬಂತು. ಅವಳ ಕೆಲಸವೂ ಅದರ ಜೊತೆ ಮತ್ತೆ ನೇತಾಡಿತು.

“ಕೋರ್ಟಿಗೆ ಸುಳ್ಳು ದಾಖಲೆ ಕೊಟ್ಟವರು ಯಾರು?” ಎಂದರು ಜಡ್ಜು.

“ನಾನು” ಎಂದೆ. ನಾಳೆ ಹನ್ನೊಂದು ಗಂಟೆಗೆ ಹಾಜರಾಗಬೇಕು.

ಮೇ 7, ಬುಧವಾರ

ಎಷ್ಟೋ ಜನರನ್ನು ಕಟಕಟೆಗೆ ಹತ್ತಿಸಿದ್ದೇನೆ, ನಾನು ಹತ್ತಿದ್ದು ಇದೇ ಮೊದಲು. ಮರದ ಕಟ್ಟೆ ಎದೆಮಟ್ಟಕ್ಕೆ ಬರುತ್ತದೆ. ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಸರ್ಕಾರಿ ವಕೀಲ ಹಬ್ಬದೂಟಕ್ಕೆ ಕೂತವನಂತೆ ತೋಳು ಮಡಿಚಿಕೊಂಡು ಬಂದ.

“ಮೂಲದಲ್ಲಿ ‘ಬೆತ್ತಲೆ’ ಅನ್ನೋ ಪದ ಇತ್ತು?”

“ಇತ್ತು.”

“ತೆಗೆದಿರಿ?”

“ತೆಗೆದೆ.”

“ಸರ್ಕಾರ ಹೇಳ್ತಾ?”

“ಇಲ್ಲ.”

“ಪೊಲೀಸರು ಹೆದರಿಸಿದರಾ?”

“ಇಲ್ಲ.”

“ಮತ್ತೆ ಯಾಕೆ ತೆಗೆದಿರಿ?”

“ಕೇಳಿದವರ ಮನಸ್ಸಿಗೆ ನೋವಾಗಬಹುದು ಅಂತ.”

ಬಾಯಿಂದ ಬಿದ್ದಮೇಲೆ ಅದು ನನ್ನ ಕಿವಿಗೇ ಬಿತ್ತು. ಕಾಯಿದೆಯ ಪುಸ್ತಕ ಮೇಜಿನ ಮೇಲಿತ್ತು. ಅವನು ಅದನ್ನು ತೆರೆಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಬೆಂಚುಗಳ ಕಡೆ ತಿರುಗಿ ಎರಡೂ ಕೈ ಚೆಲ್ಲಿದ.

“ನೋಡಿ ಮಹಾಸ್ವಾಮಿ! ಸ್ವಾತಂತ್ರ್ಯ ಸ್ವಾತಂತ್ರ್ಯ ಅಂತ ಬೀದಿ ಬೀದೀಲಿ ಕೂಗೋ ಸಮಿತಿಯ ಕಾರ್ಯದರ್ಶಿ. ಇವರಿಗೇ ಕತ್ತರಿ ಬೇಕು ಅನ್ನಿಸಿದೆ. ಇವರು ಮನೇಲಿ ಕೂತು ಮಾಡಿದ್ದನ್ನೇ ಸರ್ಕಾರ ಕಾನೂನು ಮೂಲಕ ಮಾಡಿದರೆ ತಪ್ಪಾ? ಹೇಳಿ ಕಾರ್ಯದರ್ಶಿಗಳೇ, ತಪ್ಪಾ?”

ಮೇಷ್ಟ್ರು ತಲೆ ತಗ್ಗಿಸಿದ್ದರು. ವಕೀಲಮ್ಮ ಪೆನ್ನಿನ ಮುಚ್ಚಳ ಕಚ್ಚುತ್ತಿದ್ದರು. ಕಂಡಕ್ಟರಮ್ಮ ಮಾತ್ರ ನೆಟ್ಟಗೆ ನನ್ನನ್ನೇ ನೋಡುತ್ತಿದ್ದಳು, ಇಳಿಯುತ್ತೀರೋ ಇಲ್ಲವೋ ಎಂದು ಬಾಗಿಲಲ್ಲಿ ನಿಂತವನನ್ನು ಕೇಳುವ ಹಾಗೆ.

“ತಪ್ಪು” ಎಂದೆ. “ನಾನು ಮಾಡಿದ್ದೂ ತಪ್ಪು, ನೀವು ಮಾಡಿದ್ದೂ ತಪ್ಪು.”

“ಹಾಗಾದರೆ ಇಬ್ಬರಿಗೂ ವ್ಯತ್ಯಾಸವೇ ಇಲ್ಲ?”

“ಒಂದಿದೆ. ನಾನು ಕತ್ತರಿಸಿದಾಗ ಈಕೆ ಎದ್ದು ನಿಂತು, ಎಲ್ಲರೆದುರಿಗೆ ‘ಇದು ನಂದಲ್ಲ’ ಅಂದ್ಳು. ನಾನು ತಲೆ ತಗ್ಗಿಸಬೇಕಾಯ್ತು, ಅಷ್ಟೇ. ನೀವು ಕತ್ತರಿಸಿದಾಗ ಹಾಗೆ ಅಂದವರು ನಲವತ್ತೊಂದು ಜನ ಜೈಲಲ್ಲಿದ್ದಾರೆ.”

ಎಲ್ಲಿಂದ ಬಂತೋ ಗೊತ್ತಿಲ್ಲ. ಯಾವ ಪಟ್ಟಿಯಲ್ಲೂ ಬರೆದುಕೊಂಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಜಡ್ಜು ಮೇಜು ತಟ್ಟಿದರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು, ನಿಧಾನವಾಗಿ:

“ಈ ಕಾಯಿದೆ ಇಲ್ಲದೆ ಹೋಗಿದ್ದರೆ ಆ ಪದ ತೆಗೀತಿದ್ದಿರಾ?”

ಯೋಚಿಸಿದೆ. ಮಾರ್ಚ್ ಮೂರರಂದು ಅದೇ ಪದಕ್ಕೆ ಮೈ ಜುಮ್ಮೆಂದವನು ನಾನು.

“ಇಲ್ಲ ಸ್ವಾಮಿ. ಅದೇ ನಂಗೆ ಎಲ್ಲಕ್ಕಿಂತ ಹಿಡಿಸಿದ್ದ ಪದ.”

ಅವರು ಏನನ್ನೋ ಬರೆದುಕೊಂಡರು. ತೀರ್ಪು ಕಾದಿರಿಸಲಾಗಿದೆ.

ಮೇ 19, ಸೋಮವಾರ

ಸಮಿತಿಯ ಸಭೆ. ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದೆ. ಯಾರೂ ಬೇಡ ಎನ್ನಲಿಲ್ಲ. ಒಬ್ಬರಾದರೂ ಅನ್ನಬಹುದಿತ್ತು. ಮೇಷ್ಟ್ರ ಲೇಖನ ಮುಖಪುಟದಲ್ಲಿ ಬಂದಿದೆ.

ಕಂಡಕ್ಟರಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬಾಗಿಲಲ್ಲೇ ನಿಲ್ಲಿಸಿದಳು.

“ನಂಗೆ ಬೇಜಾರಾಗಿದ್ದು ಕತ್ತರಿಸಿದ್ದಕ್ಕಲ್ಲ. ಹಾಗೆ ಕತ್ತರಿಸಿದ್ದನ್ನ ನಂಗೆ ಹೇಳಿಲ್ಲ ನೋಡಿ, ಅದಕ್ಕೆ. ಕೇಳಿದ್ರೆ ನಾನೇ ಇನ್ನೊಂದು ಕಟ್ಟಿ ಕೊಡ್ತಿದ್ದೆ, ಅದು ಇನ್ನೂ ಕೆಟ್ಟದಾಗಿರ್ತಿತ್ತು.” ಆಮೇಲೆ ಬಾಗಿಲು ಪೂರ್ತಿ ತೆಗೆದು, “ಒಳಗೆ ಬನ್ನಿ, ಬಿಸಿಲಿದೆ.”

ಜೂನ್ 12, ಗುರುವಾರ

ಗೆದ್ದೆವು! ಗೆದ್ದೆವು! ಗೆದ್ದೆವು!

ಒಂಬತ್ತನೇ ಕಲಮು ರದ್ದು. ಬುಡಸಮೇತ! ನಲವತ್ತೊಂದು ಜನರನ್ನೂ ಕೂಡಲೇ ಬಿಡಬೇಕು. ಕಂಡಕ್ಟರಮ್ಮ ನಾಳೆಯಿಂದ ಹನ್ನೆರಡನೇ ನಂಬರಿಗೆ. ಕ್ಷೌರಿಕನ ಹೆಂಡತಿಗೆ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಅರ್ಥವಾದಮೇಲೆ ಅವಳು ಬೆಂಚಿನ ಮೇಲೆ ಹತ್ತಿ ನಿಂತಳು, ಇಳಿಸಲು ಇಬ್ಬರು ಪೇದೆಗಳು ಬೇಕಾದರು.

ಎಂದೂ ನಗದ ಜಡ್ಜು ನಾಲ್ಕು ಸಾಲನ್ನೂ ತೀರ್ಪಿನಲ್ಲಿ ಸೇರಿಸಿದ್ದಾರೆ. ಸೇರಿಸಿದ ಮೇಲೆ ಓದಲೇಬೇಕಲ್ಲ! ಜಮೀನಿನ ಸರ್ವೆ ನಂಬರು ಓದುವ ದನಿಯಲ್ಲಿ ಓದಿದರು: “ಸುಳ್ಳು ಮಾತ್ರ ಬೆತ್ಲೆ ಕುಣಿಯುತ್ತೆ ಅವ್ನ ಬಾಯೀಲಿ, ಪುಟ ಹದಿನೇಳು.” ಸರ್ಕಾರಿ ವಕೀಲ ಅದನ್ನು ಬರೆದುಕೊಳ್ಳಬೇಕಾಯಿತು.

ನನ್ನ ಬಗ್ಗೆ ಒಂದು ಇಡೀ ಪ್ಯಾರಾ ಇದೆ. ‘ಕಾರ್ಯದರ್ಶಿ ಮಾಡಿದ ಕೆಲಸ ಅಕ್ಷಮ್ಯ. ಆದರೆ ಈ ಕಲಮು ಏನು ಮಾಡುತ್ತದೆ ಎಂಬುದಕ್ಕೆ ಆತನಿಗಿಂತ ಒಳ್ಳೆಯ ಸಾಕ್ಷಿ ಬೇರೆ ಸಿಗಲಾರದು. ಅದನ್ನು ವಿರೋಧಿಸಲು ಬಂದವನ ಕೈಯಿಂದ ಅದು ತನ್ನ ಕೆಲಸ ಮಾಡಿಸಿಕೊಂಡಿದೆ.’ ಒಂದು ವರ್ಷ ನಾನು ಯಾವ ಕೋರ್ಟಿನ ಕಾಗದಕ್ಕೂ ರುಜು ಹಾಕುವಂತಿಲ್ಲ. ಅಕ್ಕನಿಗೆ ಓದಿ ಹೇಳಿದೆ. “ಚೆನ್ನಾಗಿ ಬೈದಿದ್ದಾರೆ, ಫ್ರೇಮು ಹಾಕ್ಸು” ಎಂದಳು.

ಹೊರಗೆ ಮೆಟ್ಟಿಲ ಮೇಲೆ ಜನವೋ ಜನ. ಎಲ್ಲರದೂ ಒಂದೇ ಕೂಗು: ಪದ ಹೇಳು, ಮಂತ್ರಿ ಪದ ಹೇಳು! ಕಂಡಕ್ಟರಮ್ಮ ಕೈ ಎತ್ತಿದಳು.

“ಅದು ಹಳೇದಾಯ್ತು. ಜಡ್ಜೇ ಹೇಳಿದ್ಮೇಲೆ ನಂದೇನು? ಈಗ ನಾವಿರೋದು ಯಾವ ಸ್ಟಾಪು? ಈ ಸ್ಟಾಪಿಗೆ ಇದು:

*ಕೋರ್ಟು ಬಂತು, ಕೋರ್ಟು ಬಂತು, ಇಳಿಯೋರೆಲ್ಲ ಇಳೀಬೇಕು,*
*ನ್ಯಾಯ ಒಂದು ಸಿಗೋ ಹೊತ್ಗೆ ಮೊಮ್ಮಕ್ಕಳು ಬೆಳೀಬೇಕು!”*

ಜಡ್ಜು ಇನ್ನೂ ಕಾರು ಹತ್ತಿರಲಿಲ್ಲ! ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ನನ್ನ ಕೈ ತಾನಾಗಿ ಅವಳ ಬಾಯಿಯ ಕಡೆಗೆ ಹೋಗಿತ್ತು. ಅವಳು ಅದನ್ನು ನೋಡಿದಳು. ಕಣ್ಣು ಮಿನುಗಿತು. ನನ್ನ ಮುಖಕ್ಕೆ ಮುಖ ಕೊಟ್ಟು ಮುಂದಿನದನ್ನು ಬಿಟ್ಟಳು:

*“ಹಕ್ಕಿನ ಸಮಿತಿ ಪಕ್ಕದಲ್ಲೇ, ಕತ್ತರಿ ಇದೆ ಜೋಕೆ,*
*ನಾಲ್ಗೆ ಉಳಿಸಿ ಕೊಡ್ತೀವಂತ ತುದಿ ಕತ್ತರ್ಸೋದ್ಯಾಕೆ?”*

ಮೇಷ್ಟ್ರು ಮೊದಲು ನಕ್ಕರು. ಆಮೇಲೆ ಇಡೀ ಮೆಟ್ಟಿಲು ನಕ್ಕಿತು, ಆಮೇಲೆ ಹಾಡಿತು. ನನ್ನ ಕೈ ಇನ್ನೂ ಗಾಳಿಯಲ್ಲೇ ಇತ್ತು, ಎಲ್ಲಿಡುವುದೆಂದು ತಿಳಿಯದೆ. ತಾಳ ಹಾಕಿದೆ. ಎರಡನೆಯ ಸುತ್ತಿಗೆ ನಾನೂ ಕೂಗಿದೆ, ಮೂರನೆಯ ಸುತ್ತಿಗೆ ಎಲ್ಲರಿಗಿಂತ ಜೋರಾಗಿ.

ವಕೀಲಮ್ಮ ನನ್ನ ಪಕ್ಕೆ ತಿವಿದರು. “ರೀ, ಆ ಕೋರ್ಟಿನ ಪದ ನ್ಯಾಯಾಂಗ ನಿಂದನೆ ಆಗಬಹುದು.”

“ಆದಾಗ ನೋಡೋಣ!” ಎಂದೆ. ಅವರಿಗೆ ಕೇಳಿಸಲಿಲ್ಲ. ನನ್ನ ಗಂಟಲು ಆಗಲೇ ಕೆಟ್ಟುಹೋಗಿತ್ತು.